ಉಳಿಯುವ ಹಾಡು

ಯಲಹಂಕದ ಹಳೆಯ ಊರಿನಲ್ಲಿರುವ ನಮ್ಮ ಮನೆಗೆ ಶಬ್ದದ ಬಡತನವೆಂಬುದು ಎಂದೂ ಬಂದುದಿಲ್ಲ. ತಲೆಯ ಮೇಲೆ ವಾಯುಸೇನೆಯ ವಿಮಾನಗಳು. ಹೆದ್ದಾರಿಯ ಕಡೆಯಿಂದ ಬಸ್ಸು ಲಾರಿಗಳು. ಇವೆರಡೂ ಒಂದಿಷ್ಟು ವಿಶ್ರಮಿಸಿದರೆ ಹಿಂದಿನ ಬೀದಿಯ ಕಲ್ಯಾಣಮಂಟಪ. ಕಳೆದ ಜ್ಯೇಷ್ಠಮಾಸದ ಒಂದು ಸಂಜೆ ಅಲ್ಲಿ ಯಾರದೋ ಆರತಕ್ಷತೆ ನಡೆದಿತ್ತು. ಓಲಗದವರು ತಮ್ಮ ವಾದ್ಯಗಳನ್ನು ಕಟ್ಟಿಟ್ಟರೋ ಇಲ್ಲವೋ, ಆಳೆತ್ತರದ ಧ್ವನಿವರ್ಧಕಗಳು ಬಾಯಿ ತೆರೆದುವು. ನಮ್ಮ ಕಿಟಕಿಯ ಗಾಜುಗಳು ಅವಕ್ಕೆ ತಾಳ ಹಾಕತೊಡಗಿದುವು. ಹನ್ನೆರಡು ವರ್ಷದ ನನ್ನ ಮೊಮ್ಮಗನು ಮಾತ್ರ ಪಾಠದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸಂತೋಷದಿಂದ ತಲೆದೂಗುತ್ತಿದ್ದನು.

“ತಾತ, ಈ ಹಾಡನ್ನು ಇನ್ನು ಮುನ್ನೂರು ವರ್ಷ ಕಳೆದ ಮೇಲೂ ಯಾರಾದರೂ ಕೇಳುತ್ತಾರೆಯೆ?” ಎಂದು ಅವನು ಕೇಳಿದನು.

“ಮುನ್ನೂರು ವರ್ಷದ ಮಾತೇಕೆ? ಬರುವ ದೀಪಾವಳಿಗೆ ಇದು ಇದ್ದರೆ ಹೇಳು” ಎಂದು ಗದರಿದೆನು.

ಹುಡುಗನು ಬಿಡಲಿಲ್ಲ. “ಹಾಗಾದರೆ ಈಗಿನ ಹಾಡುಗಳಲ್ಲಿ ಯಾವುದು ಉಳಿಯುತ್ತದೆ, ನೀವೇ ಹೇಳಿ” ಎಂದನು.

ವೃದ್ಧರಿಗೆ ಉತ್ತರ ತಿಳಿಯದಿದ್ದಾಗ ಒಂದು ಉಪನ್ಯಾಸವಾದರೂ ತಿಳಿದಿರುತ್ತದೆ. ಹಿಂದಿನ ಕಾಲದಲ್ಲಿ ಗಾಯಕನೊಡನೆ ಅವನ ಕಂಠವೂ ಮಣ್ಣಾಗುತ್ತಿತ್ತೆಂದೂ, ಯಂತ್ರಗಳು ಬಂದಮೇಲೆ ಆ ಭಯ ತಪ್ಪಿತೆಂದೂ ವಿವರಿಸಿದೆನು. ೧೯೦೨ರಲ್ಲಿ ಕಲ್ಕತ್ತೆಗೆ ಬಂದ ಗ್ರಾಮಫೋನಿನವರ ಮುಂದೆ ಹಾಡಿದ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯು ತನ್ನ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡಳಲ್ಲವೆ. ಆಕೆ ಹಾಡಿ ನೂರಿಪ್ಪತ್ತು ವರ್ಷಗಳ ಮೇಲಾದರೂ ಆ ಧ್ವನಿಯನ್ನು ಇಂದಿಗೂ ಕೇಳಬಹುದಲ್ಲವೆ. ಇನ್ನು ಮುಂದೆ ಯಾವ ಹಾಡಿಗೂ ಸಾವಿಲ್ಲ, ಎಂದು ಮುಗಿಸಿದೆನು.

“ಹಾಗಾದರೆ ಮುತ್ತಜ್ಜಿಯ ಗೌರಿ ಹಾಡನ್ನು ಕೇಳಿಸಿ. ಕ್ಯಾಸೆಟ್ಟಿನಲ್ಲಿದೆ ಎಂದು ಯಾವಾಗಲೂ ಹೇಳುತ್ತೀರಲ್ಲ” ಎಂದನು ಹುಡುಗ.

ಇಲ್ಲಿ ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕು. ನನ್ನ ತಾಯಿಯವರು ಸ್ವರ್ಣಗೌರೀ ಹಬ್ಬದಂದು ಆರತಿಯ ಹೊತ್ತಿಗೆ ಒಂದು ಹಾಡನ್ನು ಹಾಡುತ್ತಿದ್ದರು. ಗೌರಿಯು ವರ್ಷಕ್ಕೊಮ್ಮೆ ತವರಿಗೆ ಬರುವುದು, ಮರುದಿನ ಗಣಪತಿಯು ಕರೆಯಲು ಬಂದಾಗ ತಾಯಿಯ ಮನೆಯ ಹೊಸ್ತಿಲು ದಾಟಲಾರದೆ ನಿಲ್ಲುವುದು, ಇಷ್ಟೇ ಅದರ ವಸ್ತು. ಯಾರು ಕಟ್ಟಿದರೋ ತಿಳಿಯದು; ಅಚ್ಚಾದ ಯಾವ ಪುಸ್ತಕದಲ್ಲಿಯೂ ನಾನು ಅದನ್ನು ಕಂಡಿಲ್ಲ. ೧೯೮೪ರ ಹಬ್ಬದ ದಿವಸ ಸ್ನೇಹಿತರೊಬ್ಬರಿಂದ ಟೇಪ್ ರೆಕಾರ್ಡರನ್ನು ಎರವಲು ತಂದು ನಾನು ಆ ಹಾಡನ್ನು ಹಿಡಿದಿಟ್ಟೆನು. ೧೯೯೧ರಲ್ಲಿ ತಾಯಿಯವರು ತೀರಿಕೊಂಡರು. ಆ ಕ್ಯಾಸೆಟ್ಟನ್ನು ರೇಷ್ಮೆಯ ವಸ್ತ್ರದಲ್ಲಿ ಸುತ್ತಿ, ಮನೆಯ ಒಡವೆಗಳಿರುವ ಬೀರುವಿನಲ್ಲಿಯೇ ಇಟ್ಟೆನು. ಹೆಚ್ಚಾಗಿ ಕೇಳಿದರೆ ಸವೆದೀತೆಂದು ಒಂದು ಬಾರಿಯೂ ಹಾಕಿ ಕೇಳಲಿಲ್ಲ. ಹಾಡಂತೂ ಭದ್ರವಾಗಿದೆಯೆಂಬ ಧೈರ್ಯದಿಂದ ಅದನ್ನು ಕಲಿಯುವ ಗೋಜಿಗೂ ಹೋಗಲಿಲ್ಲ.

ರೇಷ್ಮೆಯ ಗಂಟನ್ನು ಬಿಚ್ಚಿದೆವು. ಸುರುಳಿಯ ಮೇಲೆ ಬಿಳಿಯ ಬೂಸು ಹಿಡಿದು, ಪದರಗಳು ಒಂದಕ್ಕೊಂದು ಅಂಟಿಕೊಂಡಿದ್ದುವು. ಹಳೆಯ ಯಂತ್ರವೊಂದನ್ನು ಹುಡುಕಿ ಹಾಕಿದೊಡನೆ ಅದು ನಾಲ್ಕು ಸುತ್ತು ತಿರುಗಿ, ಒಂದು ಸಲ ನರಳಿ, ಟೇಪನ್ನು ನುಂಗಿ ತುಂಡುಮಾಡಿತು. ಯಶವಂತಪುರದ ಮಾರುಕಟ್ಟೆಯ ಬಳಿ ಹಳೆಯ ರೇಡಿಯೋಗಳನ್ನು ಸರಿಪಡಿಸುವ ಒಬ್ಬರ ಹತ್ತಿರ ಒಯ್ದೆನು. ಆ ಪುಣ್ಯಾತ್ಮರು ಹತ್ತು ದಿನ ಶ್ರಮಪಟ್ಟರು. ಕೊನೆಗೆ ಉಳಿದುದು ಒಂದು ನಿಮಿಷಕ್ಕೂ ಕಡಮೆ. ಅದರಲ್ಲಿ ಪಾತ್ರೆಗಳ ಸದ್ದು, ಒಂದು ಕಾಗೆ, ಅನಂತರ “ಅಮ್ಮ, ಸ್ವಲ್ಪ ಗಟ್ಟಿಯಾಗಿ ಹಾಡು” ಎಂಬ ನನ್ನದೇ ಅಧಿಕಾರವಾಣಿ, ಆಮೇಲೆ ತಾಯಿಯ ಅರ್ಧ ಸಾಲು. ಶಬ್ದವೊಂದರ ನಡುವೆ ಆಕೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಅಲ್ಲಿಗೆ ಸರಿ.

ಅಂಗಡಿಯವರು ಹಣವನ್ನು ತೆಗೆದುಕೊಳ್ಳಲು ಸಂಕೋಚಪಟ್ಟರು. ನಾನು ಮನೆಗೆ ಬಂದು ಯಾರೊಡನೆಯೂ ಮಾತನಾಡಲಿಲ್ಲ. ಆದರೆ ಹುಡುಗನ ಪ್ರಶ್ನೆಯು ಅಂದಿನಿಂದ ನನ್ನ ಪ್ರಶ್ನೆಯಾಯಿತು. ಯಾವ ಹಾಡು ಉಳಿಯುತ್ತದೆ? ಏತರಿಂದ ಉಳಿಯುತ್ತದೆ?

ಯಂತ್ರದ ಭರವಸೆಯು ನನ್ನೊಬ್ಬನನ್ನೇ ಕೈಬಿಟ್ಟಿತೆಂದು ತಿಳಿಯಬಾರದು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡುದು ೧೯೩೪ರ ಮಾರ್ಚಿಯಲ್ಲಿ. ಪರದೆಯ ಮೇಲೆ ಕನ್ನಡವು ಹಾಡಿದುದನ್ನು ಜನರು ಕಿವಿಯಾರೆ ಕೇಳಿದ ಮೊದಲ ಸಂದರ್ಭವದು. ಇಂದು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ನಾನೂರೈವತ್ತು ವರ್ಷಗಳ ಹಿಂದಿನ ದಾಸರ ಪದವು ನಮ್ಮ ಬಾಯಲ್ಲಿದೆ. ನೂರು ವರ್ಷವೂ ತುಂಬದ ಚಿತ್ರವು ಹೆಸರಾಗಿ ಮಾತ್ರ ಉಳಿದಿದೆ.

ಕಲ್ಲಿನ ಮೇಲೆ ಬರೆದರೆ ಉಳಿಯದೆ? ನಮ್ಮ ಹೆಬ್ಬಾಳದಲ್ಲಿಯೇ ೨೦೧೮ರಲ್ಲಿ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನು ಆಳುತ್ತಿದ್ದಾಗ, ಸುಮಾರು ಕ್ರಿಸ್ತಶಕ ೭೫೦ರಲ್ಲಿ, ಊರಿನ ಮೇಲೆ ಬಿದ್ದ ಶತ್ರುಗಳೊಡನೆ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಬೆಂಗಳೂರು ನಗರದಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅದೇ ಅತ್ಯಂತ ಹಳೆಯದೆಂದು ವಿದ್ವಾಂಸರು ಎಣಿಸಿದ್ದಾರೆ. ಮೊಮ್ಮಗನನ್ನು ಕರೆದುಕೊಂಡು ಹೋಗಿ ತೋರಿಸಿದೆನು. ಅಕ್ಷರಗಳೇನೋ ಉಳಿದಿವೆ. ಆದರೆ ಆ ವೀರನಿಗಾಗಿ ಅವನ ಹೆಂಡತಿಯೋ ತಾಯಿಯೋ ಯಾವ ರಾಗದಲ್ಲಿ ಅತ್ತಳು, ಅವನು ಮಗುವಾಗಿದ್ದಾಗ ಯಾವ ಜೋಗುಳ ಕೇಳಿ ಮಲಗಿದನು ಎಂಬುದನ್ನು ಕಲ್ಲು ಹೇಳಲಾರದು.

ಸ್ವರಗಳನ್ನೇ ಕಲ್ಲಿನಲ್ಲಿ ಕೆತ್ತಿದ ಸ್ಥಳವೂ ಒಂದಿದೆ. ತಮಿಳುನಾಡಿನ ಪುದುಕ್ಕೋಟೆಯ ಹತ್ತಿರ ಕುಡುಮಿಯಾನ್‌ಮಲೈ ಎಂಬಲ್ಲಿ, ಏಳನೆಯ ಶತಮಾನದ್ದೆಂದು ಹೇಳುವ ಬಂಡೆಯ ಶಾಸನದಲ್ಲಿ ಸ್ವರಾಕ್ಷರಗಳ ಸಾಲುಗಳೇ ಇವೆ. ಪಂಡಿತರು ಅವನ್ನು ಓದಿ ಚರ್ಚಿಸುತ್ತಾರೆ. ಆದರೂ ಗುರುವಿನಿಂದ ಶಿಷ್ಯನಿಗೆ ಬಂದ ದಾರಿಯು ನಡುವೆಯೆಲ್ಲಿಯೋ ಕಡಿದುಹೋದುದರಿಂದ, ಅದನ್ನು ಹೀಗೆಯೇ ಹಾಡುತ್ತಿದ್ದರೆಂದು ಎದೆತಟ್ಟಿ ಹಾಡುವ ಕಂಠವಿಲ್ಲ.

ಎಲ್ಲಕ್ಕೂ ಮಿಗಿಲಾದ ಪೆಟ್ಟಿಗೆಯು ಈಗ ಆಕಾಶದಲ್ಲಿದೆ. ೧೯೭೭ರಲ್ಲಿ ಅಮೆರಿಕೆಯವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವುಳ್ಳ ತಾಮ್ರದ ಮುದ್ರಿಕೆಗಳನ್ನಿಟ್ಟರು. ಅವುಗಳಲ್ಲಿ ಕೇಸರಬಾಯಿ ಕೇರ್ಕರ್ ಅವರು ಹಾಡಿದ ಭೈರವಿಯೂ ಒಂದು. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಆ ಮಹಾಗಾಯಕಿಯು ಕಾಲವಾದರು. ಅವರ ಭೈರವಿಯು ಸಾವಿರಾರು ವರ್ಷ ಕೆಡದೆ ಇದ್ದೀತು. ಆದರೆ ಅಲ್ಲಿ ಕೇಳುವ ಕಿವಿಯೆಲ್ಲಿದೆ? ಉಳಿಯುವುದು ಬೇರೆ, ಕೇಳಿಸುವುದು ಬೇರೆ ಎಂದು ನನಗೆ ಆಗ ಹೊಳೆಯಿತು. ನನ್ನ ಬೀರುವಿನ ಕ್ಯಾಸೆಟ್ಟು ಬೂಸು ಹಿಡಿಯದಿದ್ದರೂ, ಯಾರೂ ಕೇಳದ ಹಾಡನ್ನು ಇದ್ದಂತೆ ಹೇಗೆ ಹೇಳುವುದು?

ನಿಜವಾಗಿ ಶತಮಾನಗಳನ್ನು ದಾಟಿ ಬಂದ ಹಾಡು ಯಾವುದೆಂದು ನೋಡೋಣ. ಯಲಹಂಕದ ನಾಡಪ್ರಭು ಕೆಂಪೇಗೌಡರು ೧೫೩೭ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಟ್ಟಿಸಿದರೆಂಬುದು ನಮ್ಮ ಊರಿನ ಮಕ್ಕಳಿಗೂ ತಿಳಿದ ವಿಷಯ. ಪುರಂದರದಾಸರ ಕಾಲವನ್ನು ೧೪೮೪ರಿಂದ ೧೫೬೪ ಎಂದು ಎಣಿಸುತ್ತಾರೆ. ಎಂದರೆ ಕೋಟೆಯ ಗೋಡೆಗಳೇಳುತ್ತಿದ್ದಾಗ ದಾಸರಿಗೆ ಐವತ್ತಮೂರು ವರ್ಷ. ಆ ಮಣ್ಣಿನ ಕೋಟೆಯು ಇಂದು ಇಲ್ಲ. ದಾಸರು ಮಕ್ಕಳಿಗಾಗಿ ಏರ್ಪಡಿಸಿದರೆಂದು ಪರಂಪರೆಯು ಹೇಳುವ ಸರಳೆ, ಜಂಟಿ, ಅಲಂಕಾರಗಳು ಮಾತ್ರ ಇವತ್ತಿಗೂ ಯಲಹಂಕದಲ್ಲಿ ಬೆಳಗ್ಗೆ ಏಳು ಗಂಟೆಗೆ ಕೇಳಿಸುತ್ತವೆ. ನಮ್ಮ ಪಕ್ಕದ ಮನೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಮಾಯಾಮಾಳವಗೌಳವನ್ನು ಸಾಕಷ್ಟು ಗೋಳಾಡಿಸಿ, ಈಗ ಮಲಹರಿಯ ಪಿಳ್ಳಾರಿ ಗೀತೆಗೆ ಬಂದಿದ್ದಾಳೆ.

ದಾಸರ ದೇವರನಾಮಗಳಲ್ಲಿ ಬಹುಭಾಗದ ಮೂಲ ಧಾಟಿಗಳು ನಮಗೆ ದಕ್ಕಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ ಹಾಡಿದರೆ ಇನ್ನೊಬ್ಬರು ಬೇರೊಂದರಲ್ಲಿ ಹಾಡುತ್ತಾರೆ. ಪದಗಳು ಬಟ್ಟೆ ಬದಲಿಸಿದಂತೆ ರಾಗ ಬದಲಿಸಿ ಬದುಕಿಕೊಂಡುವು. ಮಕ್ಕಳ ಪಾಠಗಳಾದರೋ ದಿನದಿನವೂ ತಿದ್ದುವ ಗುರುವಿದ್ದುದರಿಂದ ಹೆಚ್ಚು ಮಾರ್ಪಡದೆ ನಿಂತುವು. ಎರಡಕ್ಕೂ ಒಂದೇ ಆಧಾರ: ಒಬ್ಬರು ಹಾಡಿ, ಎದುರಿಗಿದ್ದವರಿಂದ ಹಾಡಿಸುವುದು.

ತ್ಯಾಗರಾಜರ ಕೃತಿಗಳಾದರೂ ಹೀಗೆಯೇ ಬಂದುವು. ಅವರು ೧೮೪೭ರಲ್ಲಿ ದೇಹಬಿಟ್ಟ ಮೇಲೆ ಶಿಷ್ಯರ ಮನೆಗಳು ಅವನ್ನು ಕಾದುವು. ಅವರ ಸಮಾಧಿಯೇ ಪಾಳುಬಿದ್ದಿರಲು, ಬೆಂಗಳೂರು ನಾಗರತ್ನಮ್ಮನವರು ತಮ್ಮ ಗಾನದ ಸಂಪಾದನೆಯನ್ನು ಸುರಿದು ತಿರುವಯ್ಯಾರಿನಲ್ಲಿ ಗುಡಿಯನ್ನು ಕಟ್ಟಿಸಿ, ಪ್ರತಿಷ್ಠೆ ಮಾಡಿಸಿದರು. ಸ್ತ್ರೀಯರು ಅಲ್ಲಿಯ ಆರಾಧನೆಯಲ್ಲಿ ಹಾಡಕೂಡದೆಂದು ತಡೆದಾಗಲೂ ಹಿಮ್ಮೆಟ್ಟದೆ ಹಾಡಿದವರು ಅವರು. ಹಾಡು ತಾನಾಗಿ ಉಳಿಯುವುದಿಲ್ಲ. ಅದಕ್ಕಾಗಿ ಯಾರೋ ಒಬ್ಬರು ಹಟ ಹಿಡಿಯಬೇಕು.

ಹಟ ಹಿಡಿಯುವವರಿಲ್ಲದೆ ಹೋದ ಹಾಡುಗಳು ಎಷ್ಟಿಲ್ಲ! ನಮ್ಮ ಅಜ್ಜಿ ರಾಗಿಕಲ್ಲಿನ ಮುಂದೆ ಕುಳಿತರೆ ಪದವು ತಾನಾಗಿ ಬರುತ್ತಿತ್ತು. ಕಲ್ಲಿನ ಸುತ್ತೇ ತಾಳ, ತೋಳಿನ ನೋವೇ ಲಯ. ಊರಿಗೆ ಮಿಷಿನ್ನು ಬಂದು ರಾಗಿಯನ್ನು ಅಲ್ಲಿಗೆ ಕಳುಹಿಸತೊಡಗಿದ ಮೇಲೆ ಹೆಂಗಸರ ತೋಳಿಗೆ ಸುಖವಾಯಿತು, ಪದವು ಮೂಕವಾಯಿತು. ಆ ಸುಖವನ್ನು ಹಳಿಯುವಷ್ಟು ಕೃತಘ್ನನು ನಾನಲ್ಲ. ಹಾಡು ಯಾವ ಕೆಲಸವನ್ನು ಆತುಕೊಂಡಿರುವುದೋ ಆ ಕೆಲಸ ಹೋದರೆ ಹಾಡೂ ಹೋಗುವುದೆಂಬುದನ್ನಷ್ಟೇ ಹೇಳುತ್ತಿದ್ದೇನೆ. ಮಕ್ಕಳನ್ನು ಮಲಗಿಸುವುದು, ಆರತಿ ಎತ್ತುವುದು, ಹೆಣ್ಣನ್ನು ಗಂಡನ ಮನೆಗೆ ಕಳುಹಿಸುವುದು, ಶಾಲೆಯಲ್ಲಿ ಸಾಲಾಗಿ ನಿಲ್ಲುವುದು, ಇವುಗಳಿಗೆ ಇನ್ನೂ ಯಾವ ಮಿಷಿನ್ನೂ ಬಂದಿಲ್ಲ.

ಈ ಅಳತೆಗೋಲನ್ನು ಹಿಡಿದು ಈಗಿನ ಹಾಡುಗಳನ್ನು ಅಳೆದೆನು. ಮೊದಲು ನೆನಪಿಗೆ ಬಂದುದು ಕುವೆಂಪು ಅವರ ನಾಡಗೀತೆ. ಸರ್ಕಾರವು ಅದನ್ನು ೨೦೦೪ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿತು; ಧಾಟಿಯ ವಿಷಯದಲ್ಲಿ ಬಹುಕಾಲ ನಡೆದ ವಿವಾದವನ್ನು ೨೦೨೨ರಲ್ಲಿ ಮುಗಿಸಿ, ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿತು. ಮಕ್ಕಳು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡುವ ಹಾಡು ಅಷ್ಟು ಸುಲಭವಾಗಿ ಸಾಯದು. ಎರಡನೆಯದು, ದೇವನಹಳ್ಳಿಯಲ್ಲಿ ೧೯೩೬ರಲ್ಲಿ ಹುಟ್ಟಿದ ನಿಸಾರ್ ಅಹಮದರ ‘ನಿತ್ಯೋತ್ಸವ’. ೧೯೭೮ರಲ್ಲಿ ಅದೇ ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೂ ಹೋದ ಆ ಗೀತೆಯು ಈಗ ಕ್ಯಾಸೆಟ್ಟನ್ನು ತೊರೆದು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಬದುಕುತ್ತಿದೆ. ಬಸ್ಸಿನಲ್ಲಿ ಪ್ರವಾಸಹೋಗುವ ಜನರು ಒಟ್ಟಾಗಿ ಹಾಡಬಲ್ಲ ಗೀತೆಗೆ ಆಯುಸ್ಸು ಹೆಚ್ಚು.

ಚಿತ್ರಗೀತೆಗಳ ಮಾತೇನು? ಯಶವಂತಪುರಕ್ಕೆ ದೂರವಲ್ಲದ ಕಂಠೀರವ ಸ್ಟುಡಿಯೋದಲ್ಲಿ ರಾಜಕುಮಾರರ ಸಮಾಧಿಯಿದೆ. ೧೯೭೪ರ ‘ಸಂಪತ್ತಿಗೆ ಸವಾಲ್’ನಿಂದ ಮುಂದೆ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ಸಮಾಧಿಯ ಬಳಿ ಒಮ್ಮೆ ಒಬ್ಬ ಆಟೋ ಚಾಲಕನು, ಕಣ್ಮುಚ್ಚಿ, ಅವರ ಹಾಡೊಂದನ್ನು ಗುನುಗುತ್ತಿದ್ದುದನ್ನು ಕಂಡಿದ್ದೇನೆ. ಆತನ ಮಗುವಿಗೆ ಅದು ಜೋಗುಳವಾಗಿದ್ದರೆ ಆ ಹಾಡಿಗೆ ಇನ್ನೂ ಎರಡು ತಲೆಮಾರಿನ ಅಭಯ ದೊರೆತಂತೆಯೇ. ನೂರಾರು ಚಿತ್ರಗೀತೆಗಳಲ್ಲಿ ಹತ್ತಿಪ್ಪತ್ತು, ಸಿನಿಮಾದ ಹೆಸರನ್ನೂ ಹಾಡಿದವರ ಹೆಸರನ್ನೂ ಕಳೆದುಕೊಂಡು, ಯಾರು ಕಟ್ಟಿದರೋ ತಿಳಿಯದೆಂಬ ಪದವಿಗೆ ಏರುವುವೆಂದು ನನ್ನ ನಂಬಿಕೆ.

ಆದರೆ ನಿಶ್ಚಯವಾಗಿ ಪಣ ಕಟ್ಟಬೇಕಾದರೆ, ಸಂಗೀತರಸಿಕರು ನನ್ನನ್ನು ಕ್ಷಮಿಸಬೇಕು, ನಾನು ಹುಟ್ಟುಹಬ್ಬದ ಹಾಡಿಗೆ ಕಟ್ಟುವೆನು. ೧೮೯೩ರಲ್ಲಿ ಅಮೆರಿಕೆಯ ಹಿಲ್ ಎಂಬ ಮನೆತನದ ಅಕ್ಕತಂಗಿಯರಿಬ್ಬರು ಶಿಶುವಿಹಾರದ ಮಕ್ಕಳು ಬೆಳಗ್ಗೆ ಹಾಡಲೆಂದು ಅಚ್ಚುಹಾಕಿಸಿದ ಸಣ್ಣ ಧಾಟಿಯದು. ಇಂದು ಯಲಹಂಕದಲ್ಲಿ ಕೇಕು ಕೊಯ್ಯುವ ಯಾವ ಮನೆಯಲ್ಲಿಯೂ ಅದು ತಪ್ಪದು. ಎಲ್ಲರೂ ಅಪಸ್ವರದಲ್ಲಿ ಹಾಡುತ್ತಾರೆ, ಆದರೂ ಹಾಡುತ್ತಾರೆ. ಇದನ್ನು ಹೇಳಿದಾಗ ಮೊಮ್ಮಗನು ಬಿದ್ದು ಬಿದ್ದು ನಕ್ಕನು.

ಭಾದ್ರಪದ ಬಂತು. ಗೌರಿಯ ತದಿಗೆಯಂದು ತಂಗಿಯ ಮನೆಗೆ ಬಾಗಿನವನ್ನು ಒಯ್ಯುವುದು ನಮ್ಮ ಮನೆಯ ಪದ್ಧತಿ. ಅವಳಿರುವುದು ರವೀಂದ್ರನಾಥ ಟಾಗೋರ್ ನಗರದಲ್ಲಿ. ಜನರ ಬಾಯಲ್ಲಿ ಅದು ಆರ್.ಟಿ. ನಗರವಾಗಿ, ಕವಿಯ ಹೆಸರು ಎರಡು ಅಕ್ಷರಗಳಲ್ಲಿ ಅಡಗಿದೆ. ಎರಡು ಸಾವಿರಕ್ಕೂ ಮಿಕ್ಕ ಗೀತೆಗಳನ್ನು ರಚಿಸಿದ ಆ ಮಹಾಕವಿಯ ಒಂದು ಹಾಡನ್ನಂತೂ, ೧೯೧೧ರಲ್ಲಿ ಕಲ್ಕತ್ತೆಯಲ್ಲಿ ಮೊದಲು ಹಾಡಿದುದನ್ನು, ಆ ಬಡಾವಣೆಯ ಶಾಲೆಗಳಲ್ಲಿ ಮಕ್ಕಳು ಇಂದಿಗೂ ನೆಟ್ಟಗೆ ನಿಂತು ಹಾಡುತ್ತಾರೆ. ನಾಮಫಲಕಕ್ಕಿಂತ ಮಕ್ಕಳ ಬಾಯಿ ದೊಡ್ಡದು.

ಮೊರದ ಬಾಗಿನವನ್ನು ತಂಗಿಯ ಕೈಗಿತ್ತು, ಕ್ಯಾಸೆಟ್ಟಿನ ಸಮಾಚಾರವನ್ನು ತಿಳಿಸಿದೆನು. “ಅಮ್ಮನ ಹಾಡು ಹೋಯಿತಮ್ಮ” ಎನ್ನುವಾಗ ನನ್ನ ಗಂಟಲು ಕಟ್ಟಿತು. ಅವಳು ಆಶ್ಚರ್ಯದಿಂದ ನನ್ನ ಮುಖವನ್ನು ನೋಡಿದಳು. “ಎಲ್ಲಿಗೆ ಹೋಯಿತು, ಅಣ್ಣ? ಈಗ ಆರತಿಯ ಹೊತ್ತಿಗೆ ಹಾಡುತ್ತೇನಲ್ಲ” ಎಂದಳು.

ನಲವತ್ತು ವರ್ಷಗಳಿಂದ ಪ್ರತಿ ಹಬ್ಬದಲ್ಲಿಯೂ ಅವಳು ಅದನ್ನು ಹಾಡುತ್ತಿದ್ದಳಂತೆ. ನಾನು ಬಾಗಿನ ಕೊಟ್ಟು, ಕಾಫಿ ಕುಡಿದು, ಆರತಿಗೆ ಮೊದಲೇ ಹೊರಟುಬಿಡುತ್ತಿದ್ದೆನು. ಬಾಲ್ಯದಲ್ಲಿ ತಂದೆಯವರು ನನ್ನನ್ನು ಮೂರು ವರ್ಷ ಬಸ್ಸಿನಲ್ಲಿ ಮಲ್ಲೇಶ್ವರಕ್ಕೆ ಪಿಟೀಲು ಪಾಠಕ್ಕೆ ಕಳುಹಿಸಿದರು. ತಂಗಿಗೆ ಆ ಭಾಗ್ಯ ದೊರೆಯಲಿಲ್ಲ. ತಾಯಿಯ ಪಕ್ಕದಲ್ಲಿ ಆರತಿಯ ತಟ್ಟೆ ಹಿಡಿದು ನಿಲ್ಲುವುದೇ ಅವಳ ಪಾಠಶಾಲೆ. “ನಿನ್ನ ಪಿಟೀಲು ಈಗೆಲ್ಲಿದೆ, ಅಣ್ಣ?” ಎಂದು ಕೇಳಿದಳು. “ಅಟ್ಟದ ಮೇಲೆ” ಎಂದೆನು. ಅವಳು ನಕ್ಕಳು. ಆ ನಗೆಯಲ್ಲಿ ಐವತ್ತು ವರ್ಷದ ಒಂದು ಸಣ್ಣ ನೋವಿತ್ತೆಂಬುದು ನನಗೆ ಅಂದೇ ತಿಳಿದುದು.

ಆರತಿಯಾಯಿತು. ತಂಗಿ ಹಾಡಿದಳು, ಅವಳ ಸೊಸೆ ದನಿಗೂಡಿಸಿದಳು. ಮೂರನೆಯ ಸಾಲಿಗೆ ಬಂದಾಗ ಒಂದು ಶಬ್ದದ ನಟ್ಟನಡುವೆ ಇಬ್ಬರೂ ತಟಕ್ಕನೆ ನಿಂತು, ಉಸಿರೆಳೆದುಕೊಂಡು, ಮುಂದೆ ಹೋದರು. ನನ್ನ ಮೈ ಜುಮ್ಮೆಂದಿತು. ಹರಿದ ಟೇಪಿನಲ್ಲಿ ತಾಯಿಯ ದನಿ ನಿಂತುದೂ ಅಲ್ಲಿಯೇ.

ಕೊನೆಯ ನುಡಿಯಲ್ಲಿ ಮಾತ್ರ ಧಾಟಿ ಸ್ವಲ್ಪ ಹೊರಳಿತು. ಹಳೆಯ ಚಿತ್ರಗೀತೆಯೊಂದರ ವಾಸನೆ ಬಂತು. “ಅಮ್ಮ ಇಲ್ಲಿ ಹೀಗೆ ಹಾಡುತ್ತಿರಲಿಲ್ಲ” ಎಂದೆನು. “ಹೇಗೆ ಹಾಡುತ್ತಿದ್ದಳು? ನೀನು ಹಾಡು, ತಿದ್ದಿಕೊಳ್ಳುತ್ತೇನೆ” ಎಂದಳು ತಂಗಿ. ನಾನು ಬಾಯಿ ತೆರೆದೆನು. ಏನೂ ಬರಲಿಲ್ಲ. ಮೂರು ವರ್ಷ ಪಿಟೀಲು ಕಲಿತವನು, ತಾಯಿಯ ಹಾಡಿನ ಒಂದು ನುಡಿಗೂ ದಿಕ್ಕಿಲ್ಲದೆ ಗೌರಿಯ ಮುಂದೆ ತಲೆತಗ್ಗಿಸಿದೆನು.

ಮೊಮ್ಮಗನು ಅಷ್ಟರಲ್ಲಿ ಮೊಬೈಲನ್ನು ಹಿಡಿದು ಸಿದ್ಧನಾಗಿದ್ದನು. “ಹಿಡಿದಿಡು ಮಗು, ಬೇಡವೆನ್ನುವುದಿಲ್ಲ. ಆದರೆ ಮೊದಲು ನನ್ನೊಡನೆ ಹಾಡು” ಎಂದಳು ತಂಗಿ. ಹುಡುಗನು ನಾಚಿಕೊಂಡನು. ನಾನು ಅವನ ಪಕ್ಕದಲ್ಲಿ ಕುಳಿತು, “ನಾನೂ ಕಲಿಯುತ್ತೇನೆ, ಹೇಳಿಕೊಡು” ಎಂದೆನು.

ಮೂರನೆಯ ಸಾಲಿನಲ್ಲಿ ತಡೆಯದೆ ಹೋದೆನು. “ಅಲ್ಲಿ ನಿಲ್ಲಬೇಕು, ಅಣ್ಣ” ಎಂದು ತಿದ್ದಿದಳು. ಏಕೆಂದು ಕೇಳಿದೆನು. “ಹಾಡು ಇರುವುದೇ ಹಾಗೆ” ಎಂದಳು. ಅವಳಿಗೆ ತಿಳಿಯದ ಒಂದು ವಿಷಯ ನನಗೆ ತಿಳಿದಿತ್ತು. ಹಿಂದೆ, ತಂಗಿಯಿನ್ನೂ ತೀರ ಚಿಕ್ಕವಳಾಗಿದ್ದಾಗ, ತಾಯಿಯವರು ಅಲ್ಲಿ ನಿಲ್ಲುತ್ತಿರಲಿಲ್ಲ. ಒಂದೇ ಉಸಿರಿಗೆ ಹಾಡಿ ಮುಗಿಸುತ್ತಿದ್ದರು. ಆಮೇಲೆ ಉಬ್ಬಸ ಹಿಡಿಯಿತು. ಅಂದಿನಿಂದ ಆ ಸಾಲು ಅವರಿಗೆ ಒಂದು ಉಸಿರಿಗೆ ಎಟುಕಲಿಲ್ಲ. ಆ ಆಯಾಸವೇ ಹಾಡಿನ ಅಂಗವಾಗಿ, ಮಗಳಿಗೂ, ತಾನು ಕಣ್ಣಿಂದ ಕಾಣದ ಮೊಮ್ಮಗನ ಹೆಂಡತಿಗೂ ಇಳಿದುಬಂದಿದೆ. ಯಂತ್ರದಲ್ಲಿ ಹಿಡಿಯಲು ಹೋದ ತಾಯಿಯ ಉಸಿರು, ಆರ್.ಟಿ. ನಗರದ ಒಂದು ನಡುಮನೆಯಲ್ಲಿ ವರ್ಷಕ್ಕೊಮ್ಮೆ ಆಡುತ್ತಲೇ ಇತ್ತು. ನಾನು ಕಾಫಿ ಕುಡಿದು ಹೊರಟುಹೋಗುತ್ತಿದ್ದೆನು.

ವಾಚಕರ ಮನೆಯಲ್ಲಿಯೂ ಇಂಥ ಒಂದು ಹಾಡು ಯಾರೋ ಒಬ್ಬ ಅತ್ತೆಯ, ಅಜ್ಜಿಯ ಬಾಯಲ್ಲಿ ಇದ್ದೀತು. ಹಿಡಿದಿಡುವುದಕ್ಕೆ ಯಂತ್ರವುಂಟು, ಹಿಡಿದಿಡಿರಿ. ಆ ಮೇಲೆ ಅವರ ಮುಂದೆ ಕುಳಿತು ಒಂದು ಸಲ ಹಾಡಿರಿ. ತಪ್ಪಿದರೆ ಅವರು ತಿದ್ದುವರು.

ನಾವು ಯಲಹಂಕಕ್ಕೆ ಹಿಂದಿರುಗುವಾಗ ಕತ್ತಲಾಗಿತ್ತು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳು ಒತ್ತೊತ್ತಾಗಿ ನಿಂತಿದ್ದುವು. ಹುಡುಗನು ಕಿಟಕಿಗೆ ತಲೆಯೊರಗಿಸಿ ಸಣ್ಣದಾಗಿ ಗೌರಿಯ ಹಾಡನ್ನು ಗುನುಗುತ್ತಿದ್ದನು. ಮೂರನೆಯ ಸಾಲಿನಲ್ಲಿ, ಶಬ್ದದ ನಡುವೆ, ನಿಂತು ಉಸಿರೆಳೆದುಕೊಂಡನು.

“ಇಲ್ಲಿ ಏಕೆ ನಿಲ್ಲಬೇಕು, ತಾತ?” ಎಂದನು.

“ಹಾಡು ಇರುವುದೇ ಹಾಗೆ, ಮಗು” ಎಂದೆನು.